ಮಲೆನಾಡಿನ ಮನೆ ಪೂಲಿಗೆ ಗ್ಲಾಸ್ ಮೊಸಾಯಿಕ್ ಮತ್ತು ಎಪಾಕ್ಸಿ ಗ್ರೌಟ್: 2019ರಿಂದ ಬಳಸ್ತಾ ಇರೋರ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ನಮ್ಮನೆ, ಹಿಂದೆ ಅಡಿಕೆ ತೋಟ, ತೋಟಕ್ಕೂ ಮನೆಗೂ ಮಧ್ಯೆ ಪೂಲು. 26 ಅಡಿ ಉದ್ದ, 13 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳ, ಹತ್ತತ್ರ 43,000 ಲೀಟರ್ ನೀರು ಹಿಡಿಯತ್ತೆ. 2014ರಲ್ಲಿ ಕಟ್ಟಿಸಿದಾಗ ವೈಟ್ ಸಿಮೆಂಟ್ ಪ್ಲಾಸ್ಟರ್ ಇತ್ತು, ಆಮೇಲೆ ಎಪಾಕ್ಸಿ (ಎರಡು ಭಾಗ ಕಲಸಿದ್ರೆ ಗಟ್ಟಿಯಾಗೋ ರಾಳ) ಪೇಂಟ್ ಆಯ್ತು, 2019ರ ಬೇಸಿಗೇಲಿ ಎಲ್ಲಾ ಕೆರೆದು ಗ್ಲಾಸ್ ಮೊಸಾಯಿಕ್, ಅಂದ್ರೆ ಗಾಜಿನ ಸಣ್ಣ ಸಣ್ಣ ಟೈಲ್ಸ್, ಹಾಕಿಸಿದ್ವಿ. ಈಗ ಹೋಂಸ್ಟೇ ಮಾಡೋರು, ಮನೆಗೇ ಅಂತ ಕಟ್ಟಿಸೋರು ತುಂಬಾ ಜನ ಕೇಳ್ತಿರ್ತಾರೆ ಪೇಂಟ್ ಸಾಕಾ ಟೈಲ್ಸೇ ಬೇಕಾ ಅಂತ. ನನ್ನ ಉತ್ತರ ಒಂದೇ, ಘಟ್ಟದ ಮಳೆ ಬೀಳೋ ಜಾಗದಲ್ಲಿ ಪೇಂಟಿಗೆ ದುಡ್ಡು ಹಾಕ್ಬೇಡಿ.

ಪೇಂಟ್ ಕಥೆ ಮೊದ್ಲು ಹೇಳ್ತೀನಿ. ಹೊಡೆಸಿದ್ದು ಡಿಸೆಂಬರಲ್ಲಿ, ನೋಡೋಕೆ ನೀಲಿಯಾಗಿ ಬಹಳ ಚಂದ ಇತ್ತು. ಎರಡನೇ ಮಳೆಗಾಲ ಮುಗಿಯೋದ್ರೊಳಗೆ ಆಳದ ಕಡೆ ಗೋಡೆ ತುಂಬ ಗುಳ್ಳೆ, ಉಗುರಲ್ಲಿ ಒತ್ತಿದ್ರೆ ಪಟ್ ಅಂತ ಒಡೆದು ಒಳಗಿಂದ ಕೆಮ್ಮಣ್ಣು ಬಣ್ಣದ ನೀರು ಬರ್ತಿತ್ತು. ಕಾಂಟ್ರಾಕ್ಟರನ್ನ ಕೇಳಿದ್ರೆ ನೀವು ಕ್ಲೋರಿನ್ ಜಾಸ್ತಿ ಹಾಕಿದ್ದೀರ ಅಂದ್ರು. ಕ್ಲೋರಿನ್ ಪೂಲಿನ ಒಳಗಿರತ್ತೆ, ಆ ನೀರು ಬಂದಿದ್ದು ಗೋಡೆ ಹಿಂದಿಂದ. ಮಳೆ ಹಿಡ್ಕೊಂಡ್ರೆ ನಮ್ಮ ಕಡೆ ಎಲ್ಲೆಲ್ಲೂ ಜಲ ಏಳತ್ತೆ, ಧರೆ (ಕಡಿದ ಗುಡ್ಡದ ಗೋಡೆ) ಬುಡದಲ್ಲಿ ಒರತೆ ಬರತ್ತೆ, ಆ ಒತ್ತಡಕ್ಕೆ ಕಾಂಕ್ರೀಟಿನ ಒಳಗೆ ತೇವ ಬಂದೇ ಬರತ್ತೆ, ಎಪಾಕ್ಸಿ ಪೇಂಟ್ ಆ ತೇವನ ಹೊರಗೆ ಬಿಡಲ್ಲ, ಅದಕ್ಕೇ ಅಲ್ಲಲ್ಲೇ ಎದ್ದು ಬರತ್ತೆ. ಆದ್ರೂ ಪೇಂಟೇ ಹೊಡೆಸ್ತೀವಿ ಅನ್ನೋರು ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಶೀಟನ್ನ ನಾಲ್ಕೂ ಕಡೆ ಟೇಪ್ ಹಾಕಿ ಖಾಲಿ ಪೂಲಿನ ಗೋಡೆಗೆ ಅಂಟಿಸಿ ಮಾರನೇ ದಿನ ತೆಗೆದು ನೋಡಿ. ಒಳಗಡೆ ಹನಿ ಕೂತಿದ್ರೆ ಆ ಗೋಡೆ ಪೇಂಟಿಗೆ ತಯಾರಿಲ್ಲ, ಯಾರು ಎಷ್ಟೇ ಅವಸರ ಮಾಡ್ಲಿ.

ಮೊಸಾಯಿಕ್ ಕೆಲಸಕ್ಕೆ ಬಂದ ಮೇಸ್ತ್ರಿ ನಮ್ಮೂರ ಕಡೆಯವನೇ, ಅವನು ಮೊದಲು ಹೇಳಿದ ಮಾತೇ "ಅಣ್ಣಾ, ಮಳೆ ಬಿಟ್ಟು ತಿಂಗಳಾದ್ರೂ ಕೆಳಗಿನ ಜಲ ಇಳಿದಿರಲ್ಲ, ಶಿವರಾತ್ರಿ ಆಗ್ಲಿ, ಆಮೇಲೆ ಖಾಲಿ ಮಾಡಾಣ" ಅಂತ. ಇದನ್ನ ಎಲ್ಲರೂ ತಲೇಲಿ ಇಟ್ಕೊಳ್ಳಿ. ತುಂಬಿದ ಪೂಲಲ್ಲಿ ನಮ್ಮದಕ್ಕೆ 43 ಟನ್ ನೀರಿನ ಭಾರ ಇರತ್ತೆ, ಅದನ್ನ ಮಳೆಗಾಲದಲ್ಲಿ ಖಾಲಿ ಮಾಡಿದ್ರೆ ಕೆಳಗಿನ ಜಲದ ಒತ್ತಡಕ್ಕೆ ತಳ ಬಿರುಕು ಬಿಡಬಹುದು, ಕೆಟ್ಟ ಜಾಗ ಆದ್ರೆ ಇಡೀ ತೊಟ್ಟಿನೇ ಮೇಲೆ ಎದ್ದು ಬಿಡಬಹುದು. ಅದಕ್ಕೇ ತಳದ ಡ್ರೇನ್ ಹತ್ರ ಹೈಡ್ರೋಸ್ಟಾಟಿಕ್ ವಾಲ್ವ್ ಹಾಕ್ಸಿದ್ವಿ. ಹೊರಗಿನ ಒತ್ತಡ ಜಾಸ್ತಿ ಆದಾಗ ಅದು ತಾನಾಗೇ ತೆಗೆದು ಜಲನ ಪೂಲಿನ ಒಳಗೆ ಬಿಡತ್ತೆ, ಸ್ಲ್ಯಾಬ್ ಉಳಿಯತ್ತೆ. ಜೊತೆಗೆ ಧರೆ ಕಡೆಯಿಂದ ತೋಟದ ಬಸಿಗಾಲುವೆಗೆ ಸೇರೋ ಹಾಗೆ ಪೂಲಿನ ಸುತ್ತ ಜಲ್ಲಿ ತುಂಬಿದ ಒಂದು ಚರಂಡಿ ತೆಗೆಸಿದ್ವಿ. ಅದೇ ವರ್ಷ ಆಗಸ್ಟಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತಲ್ಲ, ಆ ಆಶ್ಲೇಷ ಮಳೇಲಿ ನಮ್ಮ ಅಂಗಳದಲ್ಲೇ ಒರತೆ ಎದ್ದಿತ್ತು, ಪೂಲಲ್ಲಿ ಒಂದು ಟೈಲ್ ಅಲ್ಲಾಡ್ಲಿಲ್ಲ.

ಟೈಲ್ಸ್ ಅಂಗಡಿಯವರು ಹೇಳದೇ ಇರೋದು ಏನಂದ್ರೆ, ನೀರು ತಡೆಯೋದು ಟೈಲ್ಸ್ ಅಲ್ಲ, ಅದರ ಕೆಳಗಿನ ಕೋಟಿಂಗು. ಹಳೇ ಪೇಂಟು, ಟೊಳ್ಳಾಗಿದ್ದ ಪ್ಲಾಸ್ಟರು ಎಲ್ಲಾ ಬ್ರೇಕರಲ್ಲಿ ತೆಗೆದು, ಪಾಲಿಮರ್ ಸೇರಿಸಿದ ಸಿಮೆಂಟ್ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದು, ಅದು ಒಣಗಿದ ಮೇಲೆ ಟೈಲ್ಸ್ ಇಲ್ಲದೇನೇ ನೀರು ತುಂಬಿಸಿ, ಗೋಡೆಗೆ ಗುರುತು ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ನೋಡಿದ್ವಿ. ಬಿಸಿಲಿಗೆ ಎರಡರಲ್ಲೂ ನೀರು ಇಳಿಯತ್ತೆ, ಬಕೆಟಿಗಿಂತ ಪೂಲಲ್ಲಿ ಜಾಸ್ತಿ ಇಳಿದ್ರೆ ಲೀಕ್ ಇದೆ ಅಂತ ಅರ್ಥ. ಆಮೇಲೆ ಮೊಸಾಯಿಕ್ ಶೀಟು ತಗೊಳ್ಳೋವಾಗ ಮುಂದೆ ಪೇಪರ್ ಅಂಟಿಸಿರೋದನ್ನೇ ಕೇಳಿ ತಗೊಳ್ಳಿ. ಹಿಂದೆ ಜಾಲರಿ ಇರೋದ್ರಲ್ಲಿ ಆ ಜಾಲರಿ ಅಂಟೇ ಅಡ್ಡ ಬಂದು ಅಡ್ಹೆಸಿವ್ ಪೂರ್ತಿ ಹಿಡಿಯಲ್ಲ.

ಗ್ರೌಟ್, ಅಂದ್ರೆ ಟೈಲ್ಸ್ ಮಧ್ಯದ ಸಂದಿಗೆ ತುಂಬೋ ಮಸಾಲೆ, ಅದರ ವಿಷ್ಯಕ್ಕೆ ಮಾತ್ರ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ಇಲ್ಲೇ ಎಲ್ರೂ ದುಡ್ಡು ಉಳಿಸೋಕೆ ನೋಡೋದು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಅಲ್ಲಿ ಪೂಲಿಗೆ ಬಿಳಿ ಪೊರೆ ಕಟ್ಟೋದೇ ತೊಂದ್ರೆ. ನಮ್ಮದು ಉಲ್ಟಾ. ಮಳೆ ನೀರಿನ ಪಿಎಚ್ ಸಹಜವಾಗೇ 5.6ರ ಸುತ್ತ, ಅಂದ್ರೆ ಸ್ವಲ್ಪ ಆಮ್ಲ, ಅದರಲ್ಲಿ ಕ್ಯಾಲ್ಸಿಯಂ ಇಲ್ವೇ ಇಲ್ಲ ಅನ್ನಬಹುದು, ಅಂಥ ನೀರು ಸಿಮೆಂಟಲ್ಲಿರೋ ಕ್ಯಾಲ್ಸಿಯಂನ ಎಳ್ಕೊಳ್ಳತ್ತೆ. ಆಗುಂಬೇಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಆಗತ್ತೆ, ಅಡಿ ಲೆಕ್ಕದಲ್ಲಿ 23ರ ಹತ್ರ. ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ನಾಲ್ಕೂವರೆ ಅಡಿ ಆಳದ ಪೂಲಿನ ಮೇಲೆ ಒಂದೇ ಮಳೆಗಾಲದಲ್ಲಿ ಅದರ ಆಳಕ್ಕಿಂತ ಎಷ್ಟೋ ಜಾಸ್ತಿ ನೀರು ಬಿದ್ದು ಹಳೇ ನೀರು ಓವರ್‌ಫ್ಲೋ ಪೈಪಲ್ಲಿ ಹೋಗ್ತಾ ಇರತ್ತೆ ಅಂದ್ರೆ ಯೋಚ್ನೆ ಮಾಡಿ. ಪರಿಚಯದವರೊಬ್ಬರು ಟೈಲ್ಸ್ ಒಳ್ಳೇದೇ ತಂದು ಗ್ರೌಟ್ ಮಾತ್ರ ಸಿಮೆಂಟಿಂದು ಹಾಕ್ಸಿದ್ರು, ಅವರ ಪೂಲಲ್ಲಿ ಗೆರೆ ಮೇಲೆ ಬೆರಳು ಆಡಿಸಿದ್ರೆ ಮರಳು ಕೈಗೆ ಬರತ್ತೆ. ನಮ್ಮ ಎಪಾಕ್ಸಿ ಗೆರೆಗಳು ಇವತ್ತಿಗೂ ಗಟ್ಟಿ. ರೇಟು ಸಿಮೆಂಟ್ ಗ್ರೌಟಿನ ಹಲವು ಪಟ್ಟು, ಒಟ್ಟು ಕೆಲಸ ಮೂರು ಲಕ್ಷ ದಾಟ್ತು, ಕಲಸಿದ ಮೇಲೆ ಬಿಸಿಲಿಗೆ ಬೇಗ ಗಟ್ಟಿ ಆಗೋದ್ರಿಂದ ಸ್ವಲ್ಪ ಸ್ವಲ್ಪನೇ ಕಲಸಿ ತಕ್ಷಣ ಸ್ಪಂಜಲ್ಲಿ ಒರೆಸೋ ಜನ ಬೇಕು.

ಎಪಾಕ್ಸಿ ಹಾಕ್ಸಿದ್ವಿ ಅಂತ ನೀರು ನೋಡೋದು ಬಿಡೋ ಹಾಗಿಲ್ಲ. ಪಿಎಚ್ 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ ಅಂತ), ಆಲ್ಕಲಿನಿಟಿ (ಪಿಎಚ್ ಏರುಪೇರಾಗದ ಹಾಗೆ ತಡೆಯೋ ಕ್ಷಾರದ ಅಂಶ) 80ರಿಂದ 120 ಪಿಪಿಎಂ, ಇದಿಷ್ಟನ್ನ ಟೆಸ್ಟ್ ಕಿಟ್ಟಲ್ಲಿ ನೋಡ್ತೀವಿ. ಮಳೆಗಾಲದಲ್ಲಿ ಮೊದಲು ಬೀಳೋದು ಆಲ್ಕಲಿನಿಟಿ, ಅದು ಬಿದ್ರೆ ಪಿಎಚ್ ಹಿಡಿತಕ್ಕೇ ಸಿಗಲ್ಲ. ಅಡುಗೆ ಸೋಡಾ ಸಾಕು, ನಮ್ಮ ಅಳತೆಗೆ ಸುಮಾರು 700 ಗ್ರಾಂ ಹಾಕಿದ್ರೆ 10 ಪಿಪಿಎಂ ಏರತ್ತೆ, ಅದಕ್ಕೇ ಪುಷ್ಯ, ಆಶ್ಲೇಷ ಮಳೇಲಿ ಚೀಲನೇ ತಂದಿಡೋದು. ಕ್ಲೋರಿನ್ ಮಾತ್ರೆ ಆಮ್ಲದ್ದು, ಪಿಎಚ್ ಇನ್ನೂ ಕೆಳಗೆ ಎಳೆಯತ್ತೆ, ಹಾಗಾಗಿ ಅದು ಬೇಸಿಗೆಗೆ ಮಾತ್ರ, ಮಳೆಗಾಲದಲ್ಲಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡೀನ ಬಕೆಟ್ ನೀರಲ್ಲಿ ಕರಗಿಸಿ ಸಂಜೆ ಹೊತ್ತು ಹಾಕ್ತೀವಿ. ಇವೆರಡನ್ನೂ ಯಾವತ್ತೂ ಒಂದೇ ಡಬ್ಬಕ್ಕೆ, ಒಂದೇ ಬಕೆಟಿಗೆ ಸೇರಿಸ್ಬೇಡಿ, ಬೆಂಕಿ ಹತ್ತತ್ತೆ, ಸಿಡಿಯಬಹುದು. ಕೆಲಸದವರಿಗೂ ಇದನ್ನ ಕೂರಿಸಿ ಹೇಳಿ.

ತೋಟದವರಿಗೆ ಇನ್ನೊಂದು. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋ ದಿನ ಪೂಲಿನ ಮೇಲೆ ಟಾರ್ಪಾಲ್ ಎಳೀರಿ. ಗಾಳಿಗೆ ಹಾರಿ ಬರೋ ಮೈಲುತುತ್ತದ ತಾಮ್ರ ಟೈಲ್ಸಿಗೆ ಹಸಿರು ನೀಲಿ ಕಲೆ ಹಿಡಿಸತ್ತೆ. ಪಾಚಿ ಹೋಗತ್ತೆ ಅಂತ ಮೈಲುತುತ್ತನೇ ಪೂಲಿಗೆ ಹಾಕೋರಿದ್ದಾರೆ, ದಯವಿಟ್ಟು ಬೇಡ. ಬೋರ್ ನೀರಲ್ಲಿ ಕಬ್ಬಿಣ ಇದ್ರೆ ಕ್ಲೋರಿನ್ ಬಿದ್ದ ಕೂಡ್ಲೆ ನೀರೆಲ್ಲ ಟೀ ಬಣ್ಣ ಆಗತ್ತೆ, ನಾವು ಬಾವಿ ನೀರೇ ತುಂಬಿಸೋದು. ಕಂದು ಕಲೆ ಯಾವುದ್ರದ್ದು ಅಂತ ಗೊತ್ತಾಗ್ದೇ ಇದ್ರೆ ವಿಟಮಿನ್ ಸಿ ಮಾತ್ರೆ ಅದರ ಮೇಲೆ ಉಜ್ಜಿ, ಹೋದ್ರೆ ಕಬ್ಬಿಣ, ಹೋಗ್ದೇ ಕ್ಲೋರಿನ್‌ಗೆ ಹೋದ್ರೆ ಎಲೆ ಕಲೆ. ಆಮೇಲೆ ಕಪ್ಪೆಗಳಿಗೆ ಒಂದು ಹಲಗೆ ಓರೆಯಾಗಿ ಇಳಿಬಿಡಿ ಮಾರಾಯ್ರೆ, ನುಣುಪು ಟೈಲ್ಸ್ ಹತ್ತೋಕಾಗ್ದೆ ಪಾಪ ರಾತ್ರಿಯೆಲ್ಲ ಸುತ್ತಿ ಸಾಯ್ತಾವೆ.

ಬೇಜಾರಿನ ವಿಷ್ಯ ಇಲ್ಲ ಅಂತಲ್ಲ. ನೀರಿನ ಮಟ್ಟದ ಮೇಲಿನ ಗ್ರೌಟು ಬಿಸಿಲಿಗೆ ಹಳದಿಯಾಗಿದೆ. ತಳ ಜಾರತ್ತೆ, ಮೆಟ್ಟಿಲಿಗೆ ಜಾರದ ಟೈಲ್ಸೇ ಹಾಕ್ಬೇಕು ಅಂತ ಕಾಂಟ್ರಾಕ್ಟರ್ ಹೇಳ್ಲೇ ಇಲ್ಲ. ಮೆಟ್ಟಿಲಿನ ಅಂಚಲ್ಲಿ ಕೆಲವು ಚೂರು ಎದ್ದಿವೆ, ಗ್ಲಾಸಿನ ಅಂಚು ಮಕ್ಕಳ ಕಾಲಿಗೆ ತಾಗಿದ್ರೆ ಕುಯ್ಯತ್ತೆ, ಹಾಗಾಗಿ ಆಗಾಗ ನಾಣ್ಯದಲ್ಲಿ ತಟ್ಟಿ ನೋಡ್ತೀವಿ, ಟೊಳ್ಳು ಸದ್ದು ಬಂದ ಜಾಗಕ್ಕೆ ಗುರುತು ಹಾಕಿಡ್ತೀವಿ. ಈ ಸಲ ಬೇಸಿಗೇಲಿ ಮೆಟ್ಟಿಲಷ್ಟು ತೆಗೆಸಿ ಜಾರದ ಟೈಲ್ಸ್ ಹಾಕ್ಸೋದಿದೆ, ಜೊತೆಗೇ ಫಿಲ್ಟರಿನ ಮರಳೂ ಬದಲಾಯಿಸ್ಬೇಕು, ಬ್ಯಾಕ್‌ವಾಶ್ (ನೀರು ಉಲ್ಟಾ ಹರಿಸಿ ಮರಳು ತೊಳೆಯೋದು) ಮಾಡಿದ ಮೇಲೂ ಒತ್ತಡದ ಗೇಜಿನ ಮುಳ್ಳು ಮೊದಲಿನಷ್ಟು ಕೆಳಗೆ ಇಳೀತಿಲ್ಲ.