ಉಬುಂಟು ಇದ್ದ ಹಳೇ ಡಿಸ್ಕನ್ನು ಅಂಗಡಿಗೆ ಕೊಡುವ ಮುಂಚೆ ಇದನ್ನು ಓದಿ

ಕಾಸರಗೋಡು ಕಡೆಯ ಮಾಸ್ಟ್ರುಗಳು, ಟೀಚರುಗಳು ದಯವಿಟ್ಟು ಪೂರ್ತಿ ಓದಿ. ಇಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿ ವಿಂಡೋಸಿನ ಬದಲು ಉಬುಂಟುವೇ ಅಲ್ವಾ. ಅದನ್ನೇ ಮನೆಯ ಕಂಪ್ಯೂಟರಿಗೂ ಹಾಕಿಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದೇವೆ.

ನನ್ನ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ಡಿಸ್ಕ್ ಚೆನ್ನಾಗಿಯೇ ಇತ್ತು. ವಿಂಡೋಸ್ ಲ್ಯಾಪ್‌ಟಾಪ್ ತೆಗೆದುಕೊಂಡ ಅಂಗಡಿಯಲ್ಲೇ, ಇದರಲ್ಲಿ ಇರುವುದನ್ನು ಅದಕ್ಕೆ ಹಾಕಿಕೊಡಿ ಎಂದು ಕೊಟ್ಟೆ. ಉಬುಂಟು ಡಿಸ್ಕ್ ಎಂದು ಬಾಯಲ್ಲಿ ಹೇಳಿದೆ, ಚೀಟಿ ಬರೆದು ಅಂಟಿಸಿಯೂ ಕೊಟ್ಟೆ.

ಸಂಜೆ ಫೋನ್ ಬಂತು. "ಮಾಷೇ, ರೆಡಿ." ಹೋದೆ, ಕೇಳಿದಷ್ಟು ದುಡ್ಡು ಕೊಟ್ಟೆ. ಮನೆಗೆ ಬಂದು ತೆರೆದರೆ ಲ್ಯಾಪ್‌ಟಾಪಿನಲ್ಲಿ 'ಓಲ್ಡ್ ಡಾಟಾ' ಅಂತ ಒಂದು ಫೋಲ್ಡರ್. ಖಾಲಿ! ಡಿಸ್ಕ್ ಚುಚ್ಚಿ ನೋಡಿದೆ. ನನ್ನದು ಒಂದೂ ಇಲ್ಲ. ಇದ್ದದ್ದು ಅವರ ಪ್ರಿಂಟರ್ ಡ್ರೈವರ್, ಆ್ಯಂಟಿವೈರಸ್ ಸೆಟಪ್. ನನ್ನ ಚೀಟಿ ಮಾತ್ರ ಅಂಟಿಸಿದ ಹಾಗೇ ಇತ್ತು.

ಮರುದಿನ ಬೆಳಿಗ್ಗೆಯೇ ಹೋದೆ.

"ಅದರಲ್ಲಿ ಏನೂ ಇರ್ಲಿಲ್ಲ ಮಾಷೇ."

ಏನೂ ಇಲ್ಲದಿದ್ದರೆ ಯಾವುದನ್ನು ಕಾಪಿ ಮಾಡಿದ್ದಕ್ಕೆ ದುಡ್ಡು ತಗೊಂಡ್ರಿ?

"ಅದು ಸರ್ವಿಸ್ ಚಾರ್ಜ್."

ಬಿಡದೆ ಕೇಳಿದಾಗ ಬಾಯಿ ಬಿಟ್ಟರು. "ಫಾರ್ಮ್ಯಾಟ್ ಮಾಡ್ಬೇಕು ಅಂತ ವಿಂಡೋಸೇ ಕೇಳಿತು, ಓಕೆ ಕೊಟ್ಟೆವು." ಫಾರ್ಮ್ಯಾಟ್ ಎಂದರೆ ಇದ್ದದ್ದೆಲ್ಲ ಅಳಿಸಿ ಡಿಸ್ಕ್ ಖಾಲಿ ಮಾಡುವುದು. ವಿಂಡೋಸ್ ಕೇಳಿತಂತೆ! ನನ್ನನ್ನು ಯಾರೂ ಕೇಳಲಿಲ್ಲ. ಕೈಯಲ್ಲಿ ಫೋನ್ ಇತ್ತಲ್ವಾ, ದುಡ್ಡಿಗೆ ಫೋನ್ ಮಾಡಲು ಗೊತ್ತಾಯಿತಲ್ವಾ?

ಉಬುಂಟು ಸಾಮಾನ್ಯವಾಗಿ ಡಿಸ್ಕನ್ನು ಇಎಕ್ಸ್‌ಟಿ4 ಎಂಬ ಬಗೆಯಲ್ಲಿ ಇಡುತ್ತದೆ. ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ. ಓದಲು ಬಾರದ ಡಿಸ್ಕ್ ಸಿಕ್ಕಿದರೆ ಫಾರ್ಮ್ಯಾಟ್ ಮಾಡಿ ಎನ್ನುತ್ತದೆ. ಕ್ಯಾನ್ಸಲ್ ಒತ್ತಬೇಕು, ಅಷ್ಟೇ. ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಗೊತ್ತಿದೆ. ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವನು ನಾನು, ಸ್ಟಾಫ್ ರೂಮಿನಲ್ಲಿ ಯಾವ ಮುಖ ಇಟ್ಟುಕೊಂಡು ಇದನ್ನು ಹೇಳಲಿ?

ಕೊನೆಗೆ ಅಂದದ್ದು ಇದು: "ರಿಕವರಿ ಮಾಡಿ ಕೊಡ್ಬಹುದು, ಅದಕ್ಕೆ ಬೇರೆ ಚಾರ್ಜ್." ಡಿಸ್ಕ್ ಕಿತ್ತುಕೊಂಡು ಬಂದೆ. ಫೋಟೋರೆಕ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಫೋಟೋಗಳು ಸುಮಾರು ಸಿಕ್ಕಿವೆ. ಆದರೆ ಹೆಸರೆಲ್ಲ ಹೋಗಿ ಬರೀ ನಂಬರು. ಮದುವೆ ಯಾರದ್ದು, ಉಪನಯನ ಯಾರದ್ದು, ಒಂದೊಂದೇ ತೆರೆದು ನೋಡಬೇಕು. ಅಪ್ಪ ಅರ್ಥ ಹೇಳಿದ ತಾಳಮದ್ದಳೆಯ ವಿಡಿಯೋ ಸಿಗಲೇ ಇಲ್ಲ. ಅದಿದ್ದ ಜಾಗಕ್ಕೇ ಇವರ ಡ್ರೈವರುಗಳು ಬಿದ್ದಿರಬೇಕು.

ನೀವು ಡಿಸ್ಕನ್ನು ಯಾರ ಕೈಗೂ ಕೊಡಬೇಡಿ. ಹಳೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಅದನ್ನು ಆನ್ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ 'ಟ್ರೈ' ಒತ್ತಿ, ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಅದನ್ನು ಉಬುಂಟು, ವಿಂಡೋಸ್ ಎರಡೂ ಓದುತ್ತವೆ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ವಿಡಿಯೋ ಅದರಲ್ಲಿ ಹಿಡಿಯುವುದಿಲ್ಲ.

ಬದಿಯಡ್ಕ, ಕುಂಬಳೆ ಕಡೆಯ ತಾಳಮದ್ದಳೆ ಕೂಟಗಳನ್ನು ರೆಕಾರ್ಡ್ ಮಾಡಿಟ್ಟವರು ಯಾರಾದರೂ ಇದ್ದರೆ ಒಂದು ಮೆಸೇಜ್ ಹಾಕಿ. ಅಪ್ಪನ ಧ್ವನಿ ಇರುವುದು ಆಡಿಯೋ ಆದರೂ ಸಾಕು.