ಉಪಗ್ರಹದ ಮುಖ ಯಾವ ಕಡೆ? ಟ್ರಯಾಡ್, ಕ್ವೆಸ್ಟ್, ಕಾಲ್ಮನ್ ಓಡಿಸಿ ನೋಡಿದಾಗ

ಉಪಗ್ರಹ ಯಾವ ಕಡೆ ಮುಖ ಮಾಡಿದೆ ಅಂತ ಸೆನ್ಸರ್ ಅಳತೆಗಳಿಂದ ಲೆಕ್ಕ ಹಾಕುವ ಮೂರು ವಿಧಾನಗಳನ್ನು ಹೋಲಿಸಿ ನೋಡಿದೆ: ಟ್ರಯಾಡ್, ಕ್ವೆಸ್ಟ್, ಕಾಲ್ಮನ್ ಫಿಲ್ಟರ್. ಸಣ್ಣ ಉಪಗ್ರಹಕ್ಕೆ ಕೊನೆಗೆ ಬೇಕಾಗುವುದು ಕಾಲ್ಮನ್ ಫಿಲ್ಟರ್ರೇ. ಆದರೆ ಉಳಿದೆರಡನ್ನು ಬಿಟ್ಟು ಅದೊಂದನ್ನೇ ನಂಬಿದರೆ ಕಷ್ಟ. ಮೂರನ್ನೂ ಪೈಥಾನ್‌ನಲ್ಲಿ ಬರೆದು, 500 ಕಿ.ಮೀ. ಎತ್ತರದ ಕಕ್ಷೆಯ ಸಿಮ್ಯುಲೇಶನ್‌ನಲ್ಲಿ ಓಡಿಸಿದ ಮೇಲೆ ನನಗೆ ಅನಿಸಿದ್ದು ಇದು. ಸೂರ್ಯನ ದಿಕ್ಕು ಅಳೆಯುವ ಸನ್ ಸೆನ್ಸರ್‌ಗೆ ಅರ್ಧ ಡಿಗ್ರಿ, ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್‌ಗೆ 2 ಡಿಗ್ರಿ ದೋಷ ಇಟ್ಟಿದ್ದೆ.

1964ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕೊಟ್ಟ ಟ್ರಯಾಡ್ ತುಂಬಾ ಸರಳ. ಸೂರ್ಯನ ದಿಕ್ಕು, ಭೂಮಿಯ ಕಾಂತಕ್ಷೇತ್ರದ ದಿಕ್ಕು ಎರಡೂ ಗೊತ್ತಿದ್ದರೆ ಒಂದೆರಡು ಕ್ರಾಸ್ ಪ್ರಾಡಕ್ಟ್‌ನಲ್ಲಿ (ಎರಡು ದಿಕ್ಕುಗಳಿಗೂ ಲಂಬವಾದ ದಿಕ್ಕು ಕೊಡುವ ಗುಣಾಕಾರ) ಉತ್ತರ ಬರುತ್ತದೆ. ಮೊದಲು ಕೊಟ್ಟ ವೆಕ್ಟರನ್ನು, ಅಂದರೆ ದಿಕ್ಕನ್ನು, ಅದು ಪೂರ್ತಿ ನಂಬುತ್ತದೆ, ಎರಡನೆಯದರಿಂದ ಬೇಕಾದಷ್ಟು ಮಾತ್ರ ತೆಗೆದುಕೊಳ್ಳುತ್ತದೆ. ಹಾಗಾಗಿ ಸೂರ್ಯನನ್ನೇ ಮೊದಲು ಕೊಡಬೇಕು. ಇವೆರಡರ ನಡುವಿನ ಕೋನ 10 ಡಿಗ್ರಿಗೆ ಇಳಿದಾಗ ಮಾತ್ರ ಪರಿಸ್ಥಿತಿ ಕೆಡುತ್ತದೆ. ಸೂರ್ಯನ ದಿಕ್ಕಿನ ಸುತ್ತ ಎಷ್ಟು ತಿರುಗಿದೆ ಅನ್ನುವ ಲೆಕ್ಕದಲ್ಲಿ ಮ್ಯಾಗ್ನೆಟೋಮೀಟರ್ ದೋಷ ಸುಮಾರು 6 ಪಟ್ಟು ಹಿಗ್ಗುತ್ತದೆ. ಅಂದರೆ 2 ಡಿಗ್ರಿ ಇದ್ದದ್ದು 12ರ ಹತ್ತಿರ!

ಕ್ವೆಸ್ಟ್ ಎಷ್ಟು ವೆಕ್ಟರ್ ಕೊಟ್ಟರೂ ತೂಕ ಹಾಕಿ ಎಲ್ಲವನ್ನೂ ಬಳಸುತ್ತದೆ. ಎಲ್ಲ ಅಳತೆಗಳಿಗೂ ಅತಿ ಚೆನ್ನಾಗಿ ಹೊಂದುವ ಉತ್ತರ ಯಾವುದು ಅಂತ ಗ್ರೇಸ್ ವಾಬಾ 1965ರಲ್ಲಿ ಮುಂದಿಟ್ಟ ಲೆಕ್ಕಕ್ಕೆ ಮಾಲ್ಕಮ್ ಶುಸ್ಟರ್ ಕಂಡುಕೊಂಡ ವೇಗದ ದಾರಿ ಇದು. ನನ್ನ ಎರಡೇ ಸೆನ್ಸರ್‌ಗಳಲ್ಲಿ ಇದರ ಉತ್ತರಕ್ಕೂ ಟ್ರಯಾಡ್ ಉತ್ತರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಸೆನ್ಸರ್ ಇನ್ನೊಂದಕ್ಕಿಂತ ಅಷ್ಟು ಚೆನ್ನಾಗಿರುವಾಗ ಹೀಗಾಗುವುದು ಸಹಜ. ಹತ್ತಾರು ನಕ್ಷತ್ರ ಹಿಡಿಯುವ ಸ್ಟಾರ್ ಸೆನ್ಸರ್ ಇದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಆದರೂ ನನಗೆ ಕ್ವೆಸ್ಟ್ ಇಷ್ಟವಾಗಲು ಬೇರೆ ಕಾರಣ ಇದೆ. ತೂಕಗಳ ಮೊತ್ತ 1 ಇದ್ದರೆ ಲೆಕ್ಕದ ಒಳಗೆ ಸಿಗುವ ಅತಿ ದೊಡ್ಡ ಐಗನ್‌ವ್ಯಾಲ್ಯೂ (ಅಳತೆಗಳು ಎಷ್ಟು ಹೊಂದುತ್ತವೆ ಅನ್ನುವುದನ್ನು ತೋರಿಸುವ ಸಂಖ್ಯೆ) ಕೂಡ 1ಕ್ಕೆ ಅಂಟಿಕೊಂಡಿರಬೇಕು. ಭೂಮಿಯಿಂದ ಪ್ರತಿಫಲಿಸಿದ ಬೆಳಕು ಸನ್ ಸೆನ್ಸರಿಗೆ ಬೀಳುವಂತೆ ಮಾಡಿದಾಗ ಅದು ಕೆಳಗಿಳಿಯಿತು. ಅಳತೆಗಳು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ತಾನಾಗಿಯೇ ಹೇಳಿಬಿಡುತ್ತದೆ.

ಉಪಗ್ರಹ ಭೂಮಿಯ ನೆರಳಿಗೆ ಹೋದ ತಕ್ಷಣ ಇವೆರಡೂ ಕೈಬಿಡುತ್ತವೆ. ಸೂರ್ಯ ಇಲ್ಲ, ಉಳಿದಿರುವುದು ಒಂದೇ ದಿಕ್ಕು. ಕಕ್ಷೆಯ ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದರಲ್ಲಿ ಮೂರನೇ ಒಂದು ಭಾಗದಷ್ಟು ಕತ್ತಲೆ ಇರಬಹುದು. ಅಷ್ಟು ಹೊತ್ತು ಸುಮ್ನೆ ಕೂರೋಕಾಗಲ್ಲ ಅಲ್ವಾ? ಕಾಲ್ಮನ್ ಫಿಲ್ಟರ್ ಗೈರೋ (ತಿರುಗುವ ವೇಗ ಅಳೆಯುವ ಸೆನ್ಸರ್) ಹಿಡಿದು ಮುಂದೆ ಸಾಗುತ್ತದೆ, ಬಿಸಿಲಲ್ಲಿದ್ದಾಗ ಕಲಿತ ಗೈರೋ ಬಯಾಸನ್ನು, ಅಂದರೆ ಅದರ ಅಳತೆಯಲ್ಲಿ ಬಿಡದೆ ಇರುವ ತಪ್ಪನ್ನು, ಕಳೆಯುತ್ತಾ ಹೋಗುತ್ತದೆ. ಉಪಗ್ರಹ ಓಡುತ್ತಿದ್ದಂತೆ ಕಾಂತಕ್ಷೇತ್ರದ ದಿಕ್ಕೂ ಬದಲಾಗುವುದರಿಂದ, ಮ್ಯಾಗ್ನೆಟೋಮೀಟರ್ ಒಂದರಿಂದಲೇ ನಿಧಾನಕ್ಕೆ ಮೂರೂ ಅಕ್ಷಗಳ ಸುಳಿವು ಸಿಗುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಕೋಡ್ ಬರೆಯುವಾಗ, ಉಪಗ್ರಹದ ಮುಖ ಯಾವ ಕಡೆ ಅಂತ ಹೇಳುವ ಕ್ವಾಟರ್ನಿಯನ್‌ನ ನಾಲ್ಕು ಸಂಖ್ಯೆಗೂ ತಿದ್ದುಪಡಿ ಕೂಡಿಸಬೇಡಿ. ಮೂರು ಸಂಖ್ಯೆಯ ಸಣ್ಣ ದೋಷ ಹಿಡಿದು ಗುಣಿಸಿ. ಬಯಾಸ್‌ನ ಮೂರು ಸೇರಿ ಒಟ್ಟು ಆರೇ ಸ್ಟೇಟ್, ಅಂದರೆ ಫಿಲ್ಟರ್ ಅಂದಾಜು ಮಾಡುವ ಸಂಖ್ಯೆಗಳು.

ಶುರುವಿನ ಅಂದಾಜು ಜಾಸ್ತಿ ತಪ್ಪಿದ್ದರೆ ಈ ಫಿಲ್ಟರ್ ದಾರಿ ತಪ್ಪಬಹುದು. ಹಾಗಾಗಿ ಬಿಸಿಲಲ್ಲಿ ಕ್ವೆಸ್ಟ್ ಓಡಿಸಿ, ಐಗನ್‌ವ್ಯಾಲ್ಯೂ 1ರ ಹತ್ತಿರ ಇದೆಯಾ, ಎರಡು ವೆಕ್ಟರ್‌ಗಳ ನಡುವೆ ಸಾಕಷ್ಟು ಕೋನ ಇದೆಯಾ ಅಂತ ನೋಡಿ, ಆ ಉತ್ತರದಿಂದಲೇ ಫಿಲ್ಟರ್ ಶುರು ಮಾಡುತ್ತೇನೆ. ಗೈರೋ ಇಲ್ಲದ ಉಪಗ್ರಹವಾದರೆ, ಪ್ರೊಸೆಸರ್ ಕೂಡ ತೀರಾ ಚಿಕ್ಕದಾದರೆ, ಟ್ರಯಾಡ್ ಸಾಕು. ಕತ್ತಲಲ್ಲಿ ಫೋಟೊ ತೆಗೆಯುವ ಕೆಲಸ ಮಾತ್ರ ಅದಕ್ಕೆ ಕೊಡಬಾರದು.