ಅವ್ವನ ಹೆಬ್ಬೆಟ್ಟಿಗೆ ಬೀಗ: ಆಧಾರ್ ಬಯೋಮೆಟ್ರಿಕ್ ಲಾಕ್ ಬಳಸಿ ನೋಡಿದ್ದು

ನಮ್ಮವ್ವನ ವ್ಯವಹಾರವೆಲ್ಲ ಹೆಬ್ಬೆಟ್ಟಿನ ಮೇಲೆ. ರೇಷನ್ನಿಗೆ ಹೆಬ್ಬೆಟ್ಟು, ವಿಧವಾ ವೇತನ ತೆಗೆಯಲು ಬ್ಯಾಂಕ್ ಮಿತ್ರನ (ಊರಲ್ಲೇ ದುಡ್ಡು ಕೊಡುವ ಬ್ಯಾಂಕಿನ ಏಜೆಂಟ್) ಮಷಿನ್ ಮೇಲೂ ಹೆಬ್ಬೆಟ್ಟು. ಎಟಿಎಂ ಕಾರ್ಡ್ ಇದೆ, ಟ್ರಂಕಿನಲ್ಲಿ ಸೀರೆಗಳ ಕೆಳಗೆ.

ಹೋದ ದೀಪಾವಳಿ ಹೊತ್ತಿಗೆ ಕನಕಗಿರಿ ಹತ್ತಿರದ ನಮ್ಮೂರಿಗೆ ಒಬ್ಬ ಹುಡುಗ ಬಂದಿದ್ದ. ಯಾವುದೋ ಕಾರ್ಡ್ ಮಾಡಿಸಿಕೊಡುತ್ತೇನೆ ಎಂದು ಗುಡಿ ಕಟ್ಟೆ ಮೇಲೆ ಕೂತು, ಅರ್ಧ ಊರಿನ ಆಧಾರ್ ಫೋಟೊ ಹೊಡೆದುಕೊಂಡ, ಹೆಬ್ಬೆಟ್ಟು ಒತ್ತಿಸಿಕೊಂಡ. ಕಾರ್ಡ್ ಇವತ್ತಿಗೂ ಬಂದಿಲ್ಲ. ಅವ್ವ ಅದನ್ನು ನನಗೆ ಹೇಳಿದ್ದು ಹದಿನೈದು ದಿನ ಬಿಟ್ಟು, ಹುಳಿ ಬಡಿಸುತ್ತಾ, ಸುಮ್ನೆ ಮಾತಿಗೆ.

ನನಗೆ ಊಟ ಇಳಿಯಲಿಲ್ಲ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಇವಿಷ್ಟಿದ್ದರೆ ಎಇಪಿಎಸ್ ಮಷಿನ್ನಿನಲ್ಲಿ, ಅಂದರೆ ಬ್ಯಾಂಕ್ ಮಿತ್ರನ ಹತ್ತಿರ ಇರುವಂಥ ಆಧಾರ್ ಮಷಿನ್ನಿನಲ್ಲಿ, ದುಡ್ಡು ತೆಗೆಯಬಹುದು. ಪಿನ್ ಬೇಡ, ಓಟಿಪಿ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ ಹೀಗೆ ದುಡ್ಡು ಎತ್ತಿದ ಪ್ರಕರಣಗಳು ಪೇಪರಿನಲ್ಲಿ ಬಂದಿದ್ದವು. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟು ಬೇರೆ ಎಲ್ಲಿಂದ ತರೋದು?

ಅದೇ ರಾತ್ರಿ ಅವ್ವನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಆಧಾರ್ ನಂಬರ್ ಹಾಕಿದರೆ, ಲಿಂಕ್ ಆಗಿರುವ ಮೊಬೈಲಿಗೆ ಓಟಿಪಿ ಬರುತ್ತದೆ. ಒಳಗೆ ಹೋಗಿ ಲಾಕ್ ಒತ್ತಿದರೆ ಬೆರಳು, ಕಣ್ಣು, ಮುಖ ಮೂರೂ ಬಂದ್. ಒಂದು ಪೈಸೆ ಖರ್ಚಿಲ್ಲ. ಓಟಿಪಿಯಿಂದ ಆಗುವ ಕೆಲಸಕ್ಕೆ ಅಡ್ಡಿಯೂ ಇಲ್ಲ. ಅಲ್ಲೇ ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಪಟ್ಟಿಯೂ ಸಿಗುತ್ತದೆ. ಅವ್ವನದರಲ್ಲಿ ರೇಷನ್ನು, ಬ್ಯಾಂಕು ಬಿಟ್ಟರೆ ಬೇರೇನೂ ಇರಲಿಲ್ಲ. ಉಸಿರು ಬಂತು.

ಆಮೇಲಿನ ತಪ್ಪು ನನ್ನದೇ. ಬೀಗ ಹಾಕಿದವನು ಅವ್ವನಿಗೆ ಸರಿಯಾಗಿ ಹೇಳದೆ ಸೋಮವಾರ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಬಂದುಬಿಟ್ಟೆ. ಇಲ್ಲಿ ಒಂದು ಮೆಡಿಕಲ್ ಅಂಗಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ.

ರೇಷನ್ ದಿನ ಅವ್ವನ ಹೆಬ್ಬೆಟ್ಟು ತಗೊಳ್ಳಲಿಲ್ಲ. ಕಳೆ ಕಿತ್ತು ಕಿತ್ತು ಅವ್ವನ ಬೆರಳಿನ ಗೆರೆ ಸವೆದಿವೆ, ಮಷಿನ್ನು ಒಂದೇ ಸಲಕ್ಕೆ ಹಿಡಿಯೋದೇ ಅಪರೂಪ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸೆರಗಿಗೆ ಒರೆಸು ಎಂದರು. ತಲೆಗೂದಲಿಗೆ ತಿಕ್ಕು ಎಂದರು. ಎಡಗೈ ಹಚ್ಚು ಎಂದರು. ಕೊನೆಗೆ ಅಂಗಡಿಯವರೇ ಮಷಿನ್ ನೋಡಿ, "ಯವ್ವಾ, 330 ಅಂತ ಬರಾಕತ್ತೈತಿ, ನಿನ್ನ ಮಗಗ ಫೋನ್ ಹಚ್ಚು" ಅಂದರಂತೆ. 330 ಎಂದರೆ ಬಯೋಮೆಟ್ರಿಕ್ ಲಾಕ್ ಆಗಿದೆ ಎಂದು.

ನಾನು ಸೈಟ್ ತೆರೆದೆ. ಓಟಿಪಿ ಹೋಗಿದ್ದು ಅವ್ವನ ಕೀಪ್ಯಾಡ್ ಫೋನಿಗೆ. ಅವ್ವನಿಗೆ ಅಕ್ಷರ ಬರದು, ಅಂಕಿ ಬರುತ್ತದೆ.

"ಅವ್ವಾ, ಈಗ ಬಂದ ನಂಬರ್ ಓದಿ ಹೇಳು."

"ಓಟಿಪಿ ಏನು?"

"ಹೂಂ."

"ಯಾರಿಗೂ ಹೇಳಬ್ಯಾಡ ಅಂದಾಂವ ನೀನ ಅಲ್ಲೇನು? ಮಗ ಅಂತ ಕೇಳಿದ್ರೂ ಹೇಳಬ್ಯಾಡ ಅಂದಿದ್ದಿ."

"ಅವ್ವಾ, ನಾನ ಅದೀನಿ."

"ಹಂಗಾದ್ರ ನಿಮ್ಮಪ್ಪ ಮಾರಿದ ಎತ್ತುಗಳ ಹೆಸರು ಹೇಳು."

ಹೇಳಿದೆ. (ಇಲ್ಲಿ ಬರೆಯುವುದಿಲ್ಲ, ಮುಂದೆ ಬೇಕಾಗುತ್ತದೆ.) ಅವ್ವ ಒಂದೊಂದೇ ಅಂಕಿ ಕೂಗಿ ಹೇಳಿದಳು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. ತಾತ್ಕಾಲಿಕ ಅನ್‌ಲಾಕ್ ಒತ್ತಿದೆ. ಅಕ್ಕಿ ಬಂತು.

ಈ ತಾತ್ಕಾಲಿಕ ಅನ್‌ಲಾಕ್ ನನಗೆ ಜಾಸ್ತಿ ಹಿಡಿಸಿದ್ದು. ಹತ್ತು ನಿಮಿಷ ತೆರೆದಿರುತ್ತದೆ, ಆಮೇಲೆ ತಾನೇ ಲಾಕ್ ಆಗುತ್ತದೆ. ಮರೆತರೂ ಚಿಂತೆಯಿಲ್ಲ. ಆದರೆ ಹತ್ತೇ ನಿಮಿಷ. ಸಾಲಿನ ಬಾಲದಲ್ಲಿ ನಿಂತು ತೆಗೆಸಿದರೆ ನಿಮ್ಮ ಪಾಳಿ ಬರುವಷ್ಟರಲ್ಲಿ ಮತ್ತೆ ಬಂದ್. ಮುಂದೆ ಇಬ್ಬರು ಇರುವಾಗ ಫೋನ್ ಮಾಡು ಎಂದು ಅವ್ವನಿಗೆ ಹೇಳಿದ್ದೇನೆ.

ಆಧಾರಿಗೆ ಮೊಬೈಲ್ ಲಿಂಕ್ ಇಲ್ಲದಿದ್ದರೆ ಇದ್ಯಾವುದೂ ಆಗದು, ಮೊದಲು ಅದನ್ನು ಲಿಂಕ್ ಮಾಡಿಸಬೇಕು. ಮನೆಯಲ್ಲಿ ಸ್ಮಾರ್ಟ್‌ಫೋನ್ ಹಿಡಿಯುವವರು, ಕರೆದಾಗ ಫೋನ್ ಎತ್ತುವವರು ಒಬ್ಬರು ಬೇಕು. ಅಂಥವರಿಲ್ಲದ ಮುದುಕರಿಗೆ ಮಾಡಿಸಿ ಕೊಟ್ಟರೆ ರೇಷನ್ನೂ ತಪ್ಪಿಸಿದಂತೆ. ಜೆರಾಕ್ಸ್ ಪ್ರತಿಯ ದುರುಪಯೋಗವನ್ನೂ ಈ ಲಾಕ್ ತಡೆಯುವುದಿಲ್ಲ. ಅದಕ್ಕೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಪ್ರಿಂಟ್ ತೆಗೆದು ಅವ್ವನ ಚೀಲದಲ್ಲಿಟ್ಟಿದ್ದೇನೆ. ಅವ್ವನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರಕಾರದ ಸಂಚಾರ್ ಸಾಥಿ ಸೈಟಿನಲ್ಲಿ ನೋಡಿದೆ, ಒಂದೇ ಇತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ನನ್ನದೂ ಲಾಕ್ ಮಾಡಿದ್ದೇನೆ, ನನ್ನದು ತೆರೆಯುವ ಕೆಲಸವೇ ಬಿದ್ದಿಲ್ಲ.

ಅವ್ವ ಮಾತ್ರ ಪ್ರತಿ ತಿಂಗಳು ಪ್ರಶ್ನೆ ಬದಲಿಸುತ್ತಾಳೆ. ಹೋದ ತಿಂಗಳು ಕೇಳಿದ್ದು, ನನ್ನ ತೊಟ್ಟಿಲು ಯಾರ ಮನೆಯಿಂದ ತಂದದ್ದು ಅಂತ. ನನಗೆ ಗೊತ್ತಿರಲಿಲ್ಲ. ಗಂಗಾವತಿಯ ಅಕ್ಕನಿಗೆ ಫೋನ್ ಮಾಡಿ ಕೇಳಿ ಹೇಳುವಷ್ಟರಲ್ಲಿ ಅವ್ವನ ಪಾಳಿ ಹೋಗಿತ್ತು.